ತೂಬಿನೊಳಗೆ ಹೋದ ಕನ್ನಡಿ

ಸವಣೂರಿನ ಎಲೆ ಪೇಟೆಯ ಹಿಂದಿನ ಓಣಿಯಲ್ಲಿ ಮಹಮ್ಮದಗೌಸನ ಅಂಗಡಿ. ಎಂಟು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಅವರವರ ಮುಖವೇ. ಗೋಡೆಗೆ ಒರಗಿಸಿದ ಕನ್ನಡಿಗಳಲ್ಲಿ ಒಬ್ಬ ಗಿರಾಕಿ ಆರು ಮಂದಿಯಾಗಿ ನಿಲ್ಲುತ್ತಾನೆ. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಗಂಡಸರು ಮೀಸೆ ಮುಟ್ಟಿಕೊಳ್ಳುತ್ತಾರೆ. ಮಹಮ್ಮದಗೌಸ ಮಾತ್ರ ಕನ್ನಡಿಯ ಅಂಚು ನೋಡುತ್ತಾನೆ, ಬೆನ್ನಿನ ಬಣ್ಣ ಎದ್ದಿದೆಯೇ ಎಂದು ನೋಡುತ್ತಾನೆ. ತನ್ನನ್ನು ನೋಡಿಕೊಂಡದ್ದು ಕಡಿಮೆ. ಗಡ್ಡ ಕೂಡ ಓಣಿಯ ಮೂಲೆಯ ಕ್ಷೌರದ ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಂಡೇ ಮಾಡಿಸಿಕೊಳ್ಳುತ್ತಾನೆ.

ಗಾಜು ಕೊಯ್ಯುವವರು ಸುತ್ತಲಿನ ಊರುಗಳಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವನ ಹೆಸರು ನಿಂತದ್ದು ಬರಹದಿಂದ. ಮದುವೆಯ ಅಲಮಾರಿಯ ಕನ್ನಡಿಯಲ್ಲಿ ಹೆಣ್ಣು-ಗಂಡಿನ ಹೆಸರು, ಬಸ್ಸಿನ ಮುಂದಿನ ಗಾಜಿನಲ್ಲಿ ಊರಿನ ಹೆಸರು, ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿನ ಶುಭ-ಲಾಭ, ಎಲ್ಲವನ್ನೂ ಗಾಜಿನ ಬೆನ್ನಿಗೆ ಬರೆಯಬೇಕು. ಬೆನ್ನಿಗೆ ಉಲ್ಟಾ ಬರೆದರೆ ಮುಂದಿನಿಂದ ನೇರ ಕಾಣುತ್ತದೆ. ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಡಿಸಿ ಅಪ್ಪ ಅವನನ್ನು ಈ ಕೆಲಸಕ್ಕೆ ಕೂರಿಸಿದ್ದ. ಒಡೆದ ಗಾಜಿನ ಚೂರೇ ಪಾಟಿ. ಒಂದು ಅಕ್ಷರ ನೇರ ಬಿದ್ದರೆ ಬೆರಳ ಗೆಣ್ಣಿನ ಮೇಲೆ ಏಟು. ಕನ್ನಡಿ ಎಡವನ್ನು ಬಲ ಮಾಡುತ್ತದೆ, ಬಲವನ್ನು ಎಡ ಮಾಡುತ್ತದೆ. ನೀನು ಮೊದಲೇ ತಿರುಗಿಸಿ ಕೊಟ್ಟರೆ ಅದು ನೇರ ಮಾಡಿ ಕೊಡುತ್ತದೆ, ಎಂದು ಅಪ್ಪ ಹೇಳುತ್ತಿದ್ದ. ಅವನ ಓದು ಅಂದರೆ ಈ ಒಂದು ಮಾತು. ಐವತ್ತು ವರ್ಷ ಅದು ಅವನನ್ನು ಕೈಬಿಟ್ಟಿರಲಿಲ್ಲ.

ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿದ ಅಂಟು ಅಕ್ಷರಗಳು ಬಂದವು. ಬರೆಸುವವರು ವರ್ಷಕ್ಕೆ ಇಬ್ಬರೋ ಮೂವರೋ ಆದರು. ಮಗಳು ಮದಿಹಾ ಬಂಕಾಪುರಕ್ಕೆ ಮದುವೆಯಾಗಿ ಹೋದಳು. ಅವನೂ ಹೆಂಡತಿ ಕುಲಸುಮಬಿಯೂ ಅಂಗಡಿಯ ಹಿಂದಿನ ಎರಡು ಖೋಲಿಯಲ್ಲಿ ಉಳಿದರು.

ಕುಲಸುಮಬಿಯ ತವರೂರು ಶಿಗ್ಗಾವಿ ತಾಲೂಕಿನಲ್ಲಿ, ದುಂಡಸಿಯಿಂದ ಒಳಗೆ ಮೂರು ಕಿಲೋಮೀಟರ್. ಅಲ್ಲಿನ ಕೆರೆಯ ಕೆಳಗೆ ಅವಳ ಅಪ್ಪ ಅವಳ ಹೆಸರಿಗೆ ಬಿಟ್ಟುಹೋದ ಒಂದು ಎಕರೆ ಭತ್ತದ ಗದ್ದೆ ಇತ್ತು. ಗೇಣಿಗೆ ಕೊಟ್ಟಿದ್ದರು. ವರ್ಷಕ್ಕೆರಡು ಸಲ ಗೌಸ ಬಸ್ಸು ಹಿಡಿದು ಹೋಗಿ ಬರುತ್ತಿದ್ದ. ಆ ಊರಿಗೆ ಅವನು ಅಳಿಯ. ಕುಲಸುಮಬಿಯನ್ನು ಅಕ್ಕ ಎನ್ನುವವರೆಲ್ಲ ಅವನನ್ನು ಮಾಮಾ ಎಂದು ಕರೆದು ಚೇಷ್ಟೆ ಮಾಡುವರು. ಎಲ್ಲರಿಗಿಂತ ಹೆಚ್ಚು ಚೇಷ್ಟೆ ಮಾರೆಪ್ಪನದು.

ಮಾರೆಪ್ಪ ಆ ಕೆರೆಯ ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿತ್ತು. ಏರಿಯ ಅಡಿಯಲ್ಲಿ ಕೆರೆಯ ನೀರನ್ನು ಗದ್ದೆಗೆ ತರುವ ಕಲ್ಲಿನ ತೂಬು ಇದೆ. ಎಪ್ಪತ್ತು ಅಡಿ ಉದ್ದ, ಐದು ಅಡಿ ಅಗಲ, ಎತ್ತರ ಮೂರು ಅಡಿಗೂ ಕಡಿಮೆ. ಎರಡೂ ಗೋಡೆಗಳಿಂದ ಕಲ್ಲುಗಳು ಮುಂದಕ್ಕೆ ಚಾಚಿ ನಡುವೆ ಒಂದನ್ನೊಂದು ತಾಗಿ ನಿಂತಿವೆ. ಅದೇ ಅದರ ಮಾಡು. ಬೇಸಿಗೆಯ ಬೆಳೆಗೆ ನೀರು ಬಿಡುವ ಮುಂಚೆ ಕೆರೆಯ ಕಡೆಯ ಗೇಟು ಇಳಿಸಿ, ಗದ್ದೆಯ ಕಡೆಯ ಬಾಯಿಯಿಂದ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ತೆವಳುತ್ತ ಒಳಗೆ ಹೋಗಿ, ನಡುವೆ ಸಿಕ್ಕ ಬೇರು, ಕಸ, ಹೂಳು ಎಳೆದು ತರಬೇಕು. ಆ ಮನುಷ್ಯ ಮೂವತ್ತು ವರ್ಷದಿಂದ ಮಾರೆಪ್ಪನೇ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋಗುತ್ತಿದ್ದ. ಎರಡು ಜಗ್ಗಿದರೆ ಎಲ್ಲ ಸರಿ, ಮೂರು ಜಗ್ಗಿದರೆ ಎಳೆಯಿರಿ.

ಹೋದ ಮಳೆಗಾಲದಲ್ಲಿ ಹನ್ನೆರಡು ದಿನ ಬಿಡದೆ ಸುರಿಯಿತು. ಮಳೆ ನಿಂತ ಮೇಲೆ ತೂಬಿನ ಬಾಯಿಯಲ್ಲಿ ತಲೆಗಾತ್ರದ ಎರಡು ಕಲ್ಲಿನ ತುಂಡು ಬಿದ್ದಿದ್ದವು. ಒಳಗಿನ ಮಾಡು ಎಲ್ಲೋ ಸಡಿಲಾಗಿತ್ತು, ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಜನವರಿ ಬಂದಾಗ ಮಾರೆಪ್ಪನ ಹೆಂಡತಿ ಶಂಕ್ರವ್ವ ಗಂಡ ಒಳಗೆ ಹೋಗಕೂಡದು ಎಂದು ಹಠ ಹಿಡಿದಳು. ಅವಳ ಮಾವನ ಕೈ ಅದೇ ತೂಬಿನಲ್ಲಿ ಮುರಿದದ್ದು. ಒಳಗೆ ಹೆಂಗಿದೆ ಎಂದು ಯಾರಾದರೂ ನೋಡಿ ಹೇಳಲಿ, ಆಮೇಲೆ ಬೇಕಾದರೆ ಹೋಗಲಿ, ಎಂದು ಕೆರೆ ಸಂಘದ ಹಿರಿಯ ಹೊಳಬಸಪ್ಪನ ಮನೆಯ ಕಟ್ಟೆಗೇ ಹೋಗಿ ಹೇಳಿ ಬಂದಳು. ಹೊಳಬಸಪ್ಪ ಕಚೇರಿಗಳಿಗೆ ಓಡಾಡಿದ. ನೋಡಿ ಹೇಳುವವರು ಯಾರೂ ಬರಲಿಲ್ಲ. ಸಸಿ ಮಡಿಗೆ ಹೊತ್ತಾಗುತ್ತಿತ್ತು.

ಬಂದವಳು ಅಂಕಿತಾ. ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದ ಹುಡುಗಿ. ಅಪ್ಪ ಶಿಗ್ಗಾವಿಯಲ್ಲಿ ಬಸ್ ಕಂಡಕ್ಟರು. ಅವಳ ಮೇಷ್ಟ್ರು ಈ ಕೆರೆಯ ಊರಿನವರು, ಅವರೇ ಅವಳ ಹೆಸರು ಹೇಳಿದ್ದು. ಓದಿನ ಕೊನೆಗೆ ಮಾಡಿ ತೋರಿಸಬೇಕಾದ ಯಂತ್ರ ಎಂದು ಅವಳು ಒಂದು ಪುಟ್ಟ ರೋಬೋಟ್ ಮಾಡಿದ್ದಳು. ಊಟದ ಡಬ್ಬಿಯಷ್ಟಿತ್ತು. ನಾಲ್ಕು ರಬ್ಬರ್ ಗಾಲಿ, ಬೆನ್ನ ಮೇಲೆ ಬ್ಯಾಟರಿ, ಎರಡು ಪುಟ್ಟ ದೀಪ, ಎದುರಿಗೆ ಒಂದು ಕ್ಯಾಮೆರಾ, ಹಿಂದೆ ಉದ್ದನೆಯ ವೈರು. ಮೊದಲ ಸಲ ತೂಬಿನೊಳಗೆ ಬಿಟ್ಟಾಗ ಲ್ಯಾಪ್‌ಟಾಪಿನಲ್ಲಿ ಕಂಡದ್ದು ಕೆಸರು ಮತ್ತು ಮುಂದಿನ ಕತ್ತಲೆ. ಕ್ಯಾಮೆರಾ ನೆಟ್ಟಗೆ ಮುಂದಕ್ಕೆ ನೋಡುತ್ತಿತ್ತು; ನೋಡಬೇಕಾದದ್ದು ತಲೆಯ ಮೇಲಿನ ಮಾಡನ್ನು. ನೀರು ಹೋಗದಂತೆ ಅಂಟು ಹಾಕಿ ಮುಚ್ಚಿದ ಡಬ್ಬಿಯನ್ನು ಬಿಚ್ಚಿ ಕ್ಯಾಮೆರಾ ತಿರುಗಿಸಿದರೆ ವಾರಗಟ್ಟಲೆ ಕೆಲಸ. ಎದುರಿಗೆ ಓರೆಯಾಗಿ ಒಂದು ಕನ್ನಡಿ ನಿಲ್ಲಿಸಿದರೆ ಅದೇ ಕಣ್ಣಿಗೆ ಮೇಲಿನದು ಕಾಣುತ್ತದೆ ಎಂದು ಅವಳಿಗೆ ಹೊಳೆಯಿತು. ಹಂಗಿದ್ದರೆ ನಮ್ಮ ಮಾಮನ ಹತ್ತಿರ ಹೋಗು, ಎಂದು ಸವಣೂರಿನ ದಾರಿ ಹೇಳಿಕೊಟ್ಟವನು ಮಾರೆಪ್ಪ.

ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬಂದು ಎರಡು ಬೆರಳಿನ ನಡುವೆ ಅಳತೆ ತೋರಿಸಿದಳು.

"ಚಾಚಾ, ಇಷ್ಟs ಕನ್ನಡಿ ಕೊಯ್ದು ಕೊಡ್ತೀರೇನ್ರಿ?"

"ಗುಬ್ಬಿ ಮದಿವಿ ಮಾಡಾಕತ್ತೀಯೇನವಾ?" ಎಂದ ಗೌಸ.

ಅವಳು ನಗದೆ ಎಲ್ಲ ಹೇಳಿದಳು. ಮಾರೆಪ್ಪನ ಹೆಸರು ಬಂದ ಮೇಲೆ ಅವನೂ ನಗಲಿಲ್ಲ. ಆ ದಿನ ಬೇರೆ ಗಿರಾಕಿಗಳನ್ನು ಹೊರಗೆ ಕೂರಿಸಿದ. ಸಾದಾ ಕನ್ನಡಿಯನ್ನು ಓರೆ ಹಿಡಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಗಾಜಿನ ಮೈಮೇಲೆ ತೆಳುವಾಗಿ ಒಂದು, ಹಿಂದಿನ ಲೇಪದಲ್ಲಿ ಗಟ್ಟಿಯಾಗಿ ಇನ್ನೊಂದು. ಇಂಥ ಜೋಡಿ ನೆರಳಿನಲ್ಲಿ ಬಿರುಕು ಹುಡುಕುವುದು ಆಗದ ಮಾತು ಎಂದು ಅವನಿಗೆ ಗೊತ್ತಿತ್ತು. ತೆಳು ಕನ್ನಡಿಯ ತುಂಡೊಂದರ ಬೆನ್ನಿನ ಬಣ್ಣವನ್ನು ಥಿನ್ನರಿನಲ್ಲಿ ನೆನೆಸಿ, ಹತ್ತಿಯಿಂದ ಒರೆಸಿ ಒರೆಸಿ, ಲೇಪಕ್ಕೆ ಗೀರು ಬೀಳದಂತೆ ತೆಗೆದ. ಮೂರು ತುಂಡು ಹಾಳಾದವು. ನಾಲ್ಕನೆಯದು ಬೆಳ್ಳಿಯ ರೇಕಿನಂತೆ ಬೆನ್ನ ಕಡೆಯಿಂದಲೇ ಹೊಳೆಯಿತು. ಅದನ್ನು ಯಂತ್ರದ ಮೂತಿಗೆ ಓರೆಯಾಗಿ ಕೂರಿಸಿದರು.

ಪರೀಕ್ಷೆಗೆಂದು ಗೌಸ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಸವಣೂರು ಎಂದು ಬರೆದು ಮೇಜಿನ ಅಡಿಗೆ ಅಂಟಿಸಿದ. ಯಂತ್ರ ಮೇಜಿನ ಕೆಳಗೆ ಹೋಯಿತು. ಹಾಳೆಯ ಮಡಿಕೆ, ಮೇಜಿನ ಮೊಳೆ, ಒಂದು ಜೇಡನ ಬಲೆ, ಎಲ್ಲ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಆಗಿ, ಸ್ಪಷ್ಟವಾಗಿ ಕಂಡವು. ಅಕ್ಷರ ಮಾತ್ರ ಉಲ್ಟಾ.

"ಕನ್ನಡಿ ಐತೆಲ್ಲವಾ, ಅದು ಹಂಗs," ಎಂದ ಅವನು. "ಎಡಕಿದ್ದದ್ದು ಬಲಕ್ಕ ತೋರಸತೈತಿ, ಬಲಕಿದ್ದದ್ದು ಎಡಕ್ಕ. ನೀ ಅದನ್ನ ಮತ್ತೊಮ್ಮೆ ತಿರುವಿ ಬಿಡು, ನೆಟ್ಟಗ ಆಗತೈತಿ."

"ಎಲ್ಲಾ ಕಡೆನೂ ಹಂಗs ಇರತೈತೇನ್ರಿ ಚಾಚಾ?"

"ಐವತ್ತು ವರ್ಷ ಆತು. ಒಂದು ಕನ್ನಡಿನೂ ನನಗ ಬ್ಯಾರೆ ಹೇಳಿಲ್ಲ."

ಅವಳು ಒಂದು ಗುಂಡಿ ಒತ್ತಿದಳು. ಚಿತ್ರ ಮಗ್ಗುಲು ಬದಲಿಸಿತು. ಅಕ್ಷರಗಳು ನೇರವಾಗಿ ನಿಂತವು. ಆ ಹಾಳೆಯನ್ನು ಓದಿದ ಮೇಲೆ ಇಬ್ಬರಿಗೂ ಸಂಶಯ ಉಳಿಯಲಿಲ್ಲ. ಕುಲಸುಮಬಿ ಒಳಗಿನಿಂದ ಚಹಾ ತಂದವಳು ತಾನೂ ಬಗ್ಗಿ ನೋಡಿ, ತನ್ನ ಮೇಜಿನ ಅಡಿ ಇಷ್ಟು ಹೊಲಸಾಗಿದೆಯೇ ಎಂದು ನಾಚಿದಳು.

ಮುಂದಿನ ಗುರುವಾರ ಗೌಸ ಅಂಗಡಿಗೆ ಬೀಗ ಹಾಕಿ ಅಂಕಿತಾಳ ಜೊತೆ ಹೋದ. ಏರಿಯ ಕೆಳಗೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಮಾರೆಪ್ಪ ಯಂತ್ರವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ.

"ಮಾಮಾ, ಇಷ್ಟು ದಿನ ಮಂದಿ ಮಾರಿ ತೋರಿಸಿದ್ರಿ. ಈಗ ಕೆರಿ ಹೊಟ್ಟಿ ತೋರಸ್ರಿ ನೋಡೂಣು."

ಯಂತ್ರ ಒಳಗೆ ಹೋಯಿತು. ಮಾರೆಪ್ಪ ಹೋಗುವ ಬಾಯಿಯಿಂದಲೇ, ಅವನು ಹೋಗುವ ದಿಕ್ಕಿಗೇ ಅದೂ ಹೋಗುತ್ತಿತ್ತು. ಕನ್ನಡಿಯಲ್ಲಿ ಮಾಡಿನ ಕಲ್ಲುಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಎಷ್ಟೋ ವರ್ಷದ ಪಾಚಿ, ನೇತಾಡುವ ಬೇರಿನ ಎಳೆ, ಒಂದು ಬಾವಲಿ. ಮೂವತ್ತು ಅಡಿ ದಾಟಿದ ಮೇಲೆ ಅಂಕಿತಾ ನಿಲ್ಲಿಸಿದಳು. ಚಿತ್ರದ ಎಡ ಅರ್ಧದಲ್ಲಿ ಗೋಡೆಯಿಂದ ಚಾಚಿದ ಮೂರು ಕಲ್ಲುಗಳು ಬುಡದಲ್ಲಿ ಬಿರಿದು, ಒಂದು ಬೆರಳಿನಷ್ಟು ಕೆಳಗೆ ಜಗ್ಗಿದ್ದವು. ಬಲ ಅರ್ಧದಲ್ಲಿ ಕಲ್ಲಿಗೆ ಕಲ್ಲು ಕೂಡಿಕೊಂಡು ಗಟ್ಟಿಯಾಗಿದ್ದವು. ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು. ಎಡಗೋಡೆ ಕೆಟ್ಟಿದೆ, ಬಲಗೋಡೆ ಹಿಡಿದು ಹೋಗಿ ಬರಬಹುದು ಎಂದು ಹೊಳಬಸಪ್ಪ ಎಲ್ಲರ ಪರವಾಗಿ ಹೇಳಿದ. ಬರುವ ಭಾನುವಾರ ಇನ್ನೊಂದು ಸಲ ಬಿಟ್ಟು ನೋಡೋಣ ಎಂದು ಅಂಕಿತಾ ಮೆಲ್ಲಗೆ ಅಂದಳು. ಸಸಿ ಮಡಿ ಭಾನುವಾರದ ತನಕ ಕಾಯುವುದಿಲ್ಲ ಎಂದರು ಸೇರಿದವರು.

ಶಂಕ್ರವ್ವ ಗಂಡಸರ ಗುಂಪಿನಿಂದ ದೂರ, ಹುಣಸೆಯ ಗಿಡದ ಬುಡದಲ್ಲಿ ನಿಂತಿದ್ದಳು. ಗೌಸ ಹತ್ತಿರ ಬಂದಾಗ ಅವನನ್ನು ನಿಲ್ಲಿಸಿದಳು.

"ಅಣ್ಣಾರ, ಆ ಯಂತ್ರ ನನಗ ತಿಳಿಯಂಗಿಲ್ಲ. ನಿಮ್ಮನ್ನ ಕೇಳ್ತೇನಿ. ಬಲಕ ಹಿಡದು ಹೋದ್ರ ಬರ್ತಾನಿಲ್ಲೋ?"

"ಬರ್ತಾನವಾ. ನನ್ನ ಕಣ್ಣಲೇ ನೋಡೇನಿ. ಬಲಕ ಹೋಗ್ಲಿ."

ಅವಳು ತಲೆಯಾಡಿಸಿ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಾರೆಪ್ಪ ಇಳಿದ. ಗೌಸ ಹಿಂದಿನ ರಾತ್ರಿ ಹೊಳಬಸಪ್ಪನ ಪಡಸಾಲೆಯಲ್ಲಿ ಮಲಗಿ ಅಲ್ಲೇ ಉಳಿದಿದ್ದ. ಹಗ್ಗ ಹಿಡಿದ ನಾಲ್ವರಲ್ಲಿ ಅವನೂ ಒಬ್ಬ. ಹಗ್ಗ ಸ್ವಲ್ಪ ಸ್ವಲ್ಪವೇ ಒಳಗೆ ಹರಿಯಿತು. ಹತ್ತು ಅಡಿಗೆ ಎರಡು ಜಗ್ಗು. ಇಪ್ಪತ್ತು ಅಡಿಗೆ ಎರಡು ಜಗ್ಗು. ಮೂವತ್ತಕ್ಕೆ ಬಂದಾಗ ಹಗ್ಗ ನಿಂತಿತು. ಅಲ್ಲಿ ಬೇರಿನ ಗಂಟು ಸಿಕ್ಕಿರಬೇಕು, ಅವನು ಎಳೆಯುತ್ತಿರಬೇಕು, ಹಗ್ಗ ಅಲುಗುತ್ತಿತ್ತು. ಆಮೇಲೆ ಒಳಗಿನಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ. ತುಂಬಿದ ಚೀಲವನ್ನು ನೆಲಕ್ಕೆ ಇಳಿಸಿದಂಥ ಸದ್ದು. ತೂಬಿನ ಬಾಯಿಯಿಂದ ತಣ್ಣಗಿನ ಗಾಳಿ ಬಂದು ಅವರ ಮೊಣಕಾಲಿಗೆ ತಾಗಿತು.

ಎಳೆದರು. ಹಗ್ಗ ಬರಲಿಲ್ಲ. ಮೂರು ಜಗ್ಗಿಗೆ ಕಾದರು; ಒಂದೂ ಬರಲಿಲ್ಲ.

ಇಬ್ಬರು ಗಟ್ಟಿ ಹುಡುಗರು ಒಳಗೆ ಹೋದರು. ಬಲಗಡೆ ಕಲ್ಲು ಬಿದ್ದು ದಾರಿ ಕಟ್ಟಿತ್ತು, ಎಡಗೋಡೆ ಹಿಡಿದು ಅವನ ತನಕ ಮುಟ್ಟಿದೆವು ಎಂದು ಆಮೇಲೆ ಹೇಳಿದರು. ಸನಿಕೆ, ಮೀಟುಗೋಲು ಎಲ್ಲ ಸೇರಿಸಿ ಅವನನ್ನು ಹೊರಗೆ ತರಲು ಒಂದು ತಾಸು ಹಿಡಿಯಿತು. ಎದೆಯ ಮೇಲೆ ಗಾಯ ಕಾಣಲಿಲ್ಲ, ಎದೆ ಮಾತ್ರ ಚಪ್ಪಟೆಯಾಗಿತ್ತು. ಉಸಿರು ಇತ್ತು. ಟೆಂಪೋದಲ್ಲಿ ಹಾಕಿಕೊಂಡು ಹೊರಟರು. ಗೌಸ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಶಿಗ್ಗಾವಿ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ತೊಡೆಯ ಮೇಲಿನ ಭಾರ ಬದಲಾಯಿತು. ಅವನು ಡ್ರೈವರನಿಗೆ ಏನೂ ಹೇಳಲಿಲ್ಲ. ಆಸ್ಪತ್ರೆಯ ಬಾಗಿಲ ತನಕ ಟೆಂಪೋ ಹಾರ್ನ್ ಹೊಡೆಯುತ್ತಲೇ ಹೋಯಿತು.

ಊರಿನವರು ಕೋಪಕ್ಕೆ ಒಂದು ಹೆಸರು ಹುಡುಕಿದರು, ಸಿಕ್ಕದ್ದು ಅಂಕಿತಾಳದು. ಆಟದ ಗಾಡಿ ತಂದು ಒಬ್ಬನ ಜೀವ ತೆಗೆದಳು ಎಂದರು. ಯಂತ್ರ ತಪ್ಪು ತೋರಿಸಿತೆಂದು ಸಂಘದ ಪುಸ್ತಕದಲ್ಲಿ ಬರೆದು ಅವಳ ಹೆಸರು ಹಾಕಿದರು. ಯಾರ ಬಳಿಯೂ ಮಾತಾಡಬೇಡ ಎಂದು ಕಾಲೇಜಿನವರು ಅವಳಿಗೆ ಹೇಳಿದರು. ಗೌಸನಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಮಣ್ಣಿಗೆ ಹೋಗಿ ಬಂದ ದಿನ ಇಬ್ಬರು ಮೂವರು ಅವನ ಕೈ ಹಿಡಿದು, ನೀವು ಹಚ್ಚಿಕೊಂಡವರು ಮಾಮಾ, ನಿಮಗೂ ದೊಡ್ಡ ನಷ್ಟ, ಎಂದರು.

ಒಂಬತ್ತನೆಯ ದಿನ ಅಂಕಿತಾ ಅಂಗಡಿಗೆ ಬಂದಳು. ಮುಖ ಬತ್ತಿತ್ತು. ಕುಳಿತುಕೊಳ್ಳದೆ ಚೀಲದಿಂದ ಯಂತ್ರ ತೆಗೆದಳು. ನಾವು ನೋಡಿದಾಗ ಎಡಗೋಡೆ ಬಿರಿದಿತ್ತು, ಬಿದ್ದದ್ದು ಬಲಗೋಡೆ. ಎಡಗೋಡೆ ಹಿಡಿದು ಇಬ್ಬರು ಹೋಗಿ ಬಂದಿದ್ದಾರೆ. ನಿದ್ದೆ ಬರುತ್ತಿಲ್ಲ, ಎಂದಳು. ಗೌಸನಿಗೂ ಅದೇ ಮಾತು ಒಂಬತ್ತು ದಿನದಿಂದ ಎದೆಯಲ್ಲಿ ಕುಳಿತಿತ್ತು. ಅವನು ಅದನ್ನು ಮಾತಿಗೆ ತಂದಿರಲಿಲ್ಲ, ಅಷ್ಟೆ.

ಮೇಜಿನ ಅಡಿಯ ಹಾಳೆ ಇನ್ನೂ ಹಾಗೇ ಇತ್ತು. ಯಂತ್ರವನ್ನು ಅದರ ಕೆಳಗೆ ಬಿಟ್ಟರು. ಅಕ್ಷರಗಳು ಅಂದಿನಂತೆಯೇ ನೇರ. ತಪ್ಪು ಎಲ್ಲೂ ಕಾಣಲಿಲ್ಲ. ಹಾಳೆಯ ಒಂದು ಮೂಲೆ ಬಿಟ್ಟುಕೊಂಡು ಜೋಲುತ್ತಿತ್ತು. ಅದನ್ನು ಒತ್ತಲೆಂದು, ಯಂತ್ರದ ಹಿಂದೆ ಕುಳಿತಿದ್ದ ಗೌಸ ಬಲಗೈಯನ್ನು ಬಲಗಡೆಯಿಂದ ಮೇಜಿನ ಅಡಿಗೆ ಚಾಚಿದ.

ಲ್ಯಾಪ್‌ಟಾಪಿನಲ್ಲಿ ಕೈ ಎಡಗಡೆಯಿಂದ ಬಂತು.

ಕೈ ಹಿಂದಕ್ಕೆ ತೆಗೆದುಕೊಂಡ. ಮತ್ತೆ ಚಾಚಿದ. ಮತ್ತೆ ಎಡದಿಂದಲೇ ಬಂತು. ಅಂಕಿತಾ ಗುಂಡಿ ಒತ್ತಿ ಚಿತ್ರವನ್ನು ಮೊದಲಿನಂತೆ ಮಾಡಿದಳು. ಅಕ್ಷರಗಳು ಉಲ್ಟಾ ಆದವು. ಕೈ ಬಲದಿಂದ ಬಂತು.

ಅವನು ಎದ್ದು ಗೋಡೆಗೆ ಒರಗಿಸಿದ ದೊಡ್ಡ ಕನ್ನಡಿಯ ಮುಂದೆ ಹೋಗಿ ನಿಂತ. ಅರವತ್ತೆರಡು ವರ್ಷದ, ಬಿಳಿ ಗಡ್ಡದ ಒಬ್ಬ ಮನುಷ್ಯ ಎದುರಿಗಿದ್ದ. ಬಲಗೈ ಎತ್ತಿದ. ಬಲಗಡೆಯ ಕೈಯೇ ಎದ್ದಿತು. ಎಡಗೈ ಎತ್ತಿದ. ಎಡಗಡೆಯದೇ ಎದ್ದಿತು. ಹಾಳೆಯನ್ನು ಕನ್ನಡಿಗೆ ತೋರಿಸಲು ನಾವೇ ತಿರುಗಿಸುತ್ತೇವೆ, ಆದ್ದರಿಂದ ಅಕ್ಷರ ತಿರುಗುತ್ತದೆ. ಎಡಗಡೆ ಇದ್ದದ್ದನ್ನು ಕನ್ನಡಿ ಎಡಗಡೆಯೇ ಇಟ್ಟಿರುತ್ತದೆ. ತೂಬಿನೊಳಗೂ ಆ ಬೆರಳುದ್ದದ ತುಂಡು ಬಲಗೋಡೆಯನ್ನು ಬಲದಲ್ಲೇ ತೋರಿಸಿತ್ತು. ಅದನ್ನು ತಿರುವಿ ಹಾಕು ಎಂದವನು ಅವನು.

"ನಂದs ತಪ್ಪು ಚಾಚಾ," ಎಂದಳು ಅಂಕಿತಾ. "ನಾ ಓದಿದಾಕಿ. ಕೈ ಹಿಡದು ನೋಡಬೇಕಿತ್ತು."

"ಸುಮ್ನಿರವಾ. ನೀ ಕೇಳಿದ್ದಿ, ನಾ ಹೇಳಿದ್ದೆ."

ಅವಳು ವೈರನ್ನು ಮೊಣಕೈಗೆ ಸುತ್ತಿ ಸುತ್ತಿ ಚೀಲಕ್ಕೆ ಹಾಕಿದಳು. ಕನ್ನಡಿಯ ತುಂಡನ್ನು ಕಿತ್ತು ಮೇಜಿನ ಮೇಲಿಟ್ಟು ಹೋದಳು.

ಆ ಸಂಜೆ ಅವನು ಕುಲಸುಮಬಿಗೆ ಹೇಳಿದ. ಸತ್ತವನು ಎದ್ದು ಬರುತ್ತಾನೆಯೇ ಎಂದು ಅವಳು ಕೇಳಿದಳು. ತನಗೆ ತವರು ಅಂತ ಉಳಿದದ್ದು ಆ ಊರಿನ ನಾಲ್ಕು ಮನೆಗಳು, ಅಲ್ಲಿ ಮುಖ ಹೇಗೆ ತೋರಿಸಲಿ ಎಂದಳು. ನಾಲ್ಕು ದಿನ ಇಬ್ಬರ ನಡುವೆ ಮಾತು ಕಡಿಮೆಯಾಯಿತು. ಐದನೆಯ ದಿನ ಬೆಳಿಗ್ಗೆ ಅವಳು ಒಗೆದ ಅಂಗಿ ತೆಗೆದು ಹಾಸಿಗೆಯ ಮೇಲಿಟ್ಟಳು. ಮೊದಲ ಬಸ್ಸು ಆರೂವರೆಗೆ ಎಂದಷ್ಟೇ ಹೇಳಿದಳು.

ಶಂಕ್ರವ್ವ ಅಂಗಳದಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಹದಿಮೂರನೆಯ ದಿನದ ಕಾರ್ಯ ಮುಗಿದಿತ್ತು. ಬರ್ರಿ ಅಣ್ಣಾರ ಎಂದು ಚಾಪೆ ತೋರಿಸಿದಳು. ಅವನು ಕೂರದೆ ನಿಂತೇ ಹೇಳಿದ. ಹಾಳೆ, ಅಕ್ಷರ, ತಿರುವಿದ ಚಿತ್ರ, ಕೈ ಬಂದ ದಿಕ್ಕು, ಒಂದನ್ನೂ ಬಿಡದೆ ಹೇಳಿದ. ಅವಳ ಕೈಯಲ್ಲಿ ಮೊರ ನಿಂತಿತು.

"ಹಂಗಂದ್ರ ಎಡಕ ಹೋಗಿದ್ರ?"

"ಬರ್ತಿದ್ದ."

ಅವಳು ಅಕ್ಕಿಯೊಳಗಿನ ಒಂದು ನುಚ್ಚನ್ನು ಬೆರಳಿನಿಂದ ಅತ್ತ ಸರಿಸಿದಳು.

"ಅಂವ ಮೂವತ್ತು ವರ್ಷ ಎಡಗೋಡಿ ಹಿಡದs ಹೋಗ್ತಿದ್ದ ಅಣ್ಣಾರ. ಅವನ ಎಡಗೈಗಿ ಅಲ್ಲಿ ಒಂದೊಂದು ಕಲ್ಲೂ ಗುರ್ತಿತ್ತು. ಅವತ್ತ ಮುಂಜಾನೆನೂ ಎಡಕs ಹೋಗ್ತೇನಿ ಅಂದ. ನಾನs ಬ್ಯಾಡ ಅಂದೆ. ಸವಣೂರ ಅಣ್ಣಾರು ಹೇಳ್ಯಾರ, ಬಲಕ ಹೋಗು ಅಂದೆ."

ಗೌಸ ಕಟ್ಟೆಯ ಅಂಚಿಗೆ ಕುಳಿತ. ನೆರೆಮನೆಯ ಅಡಿವೆವ್ವ ಹಿತ್ತಲಿನಿಂದ ಇಣುಕಿ ನೋಡಿ ಒಳಗೆ ಹೋದಳು. ಶಂಕ್ರವ್ವ ಅಳಲಿಲ್ಲ, ಬೈಯಲಿಲ್ಲ. ತಪ್ಪಾತು ಎಂದು ಅವನು ಕೈ ಜೋಡಿಸಲು ಹೋದಾಗ ಅವಳು ಮೊರವನ್ನು ಕೆಳಗಿಟ್ಟಳು.

"ನನ್ನ ಮುಂದ ಹೇಳಿ ಹಗುರ ಆಗಿ ಹೋಗ್ಬ್ಯಾಡ್ರಿ. ಇವತ್ತ ಗುರುವಾರ, ಸಂಜಿಕೆ ಸಂಘದವ್ರು ಕೂಡತಾರ. ಅಲ್ಲಿ ಹೇಳ್ರಿ. ಆ ಹುಡುಗಿ ಹೆಸರು ಬರಕೊಂಡು ಕುಂತಾರ."

ಅವನು ಸಂಜೆಯ ತನಕ ಏರಿಯ ಮೇಲೆ ಕುಳಿತಿದ್ದ. ಕೆರೆ ತುಂಬಿತ್ತು. ಕೆಳಗೆ ಗದ್ದೆಗಳು ಬಿರುಕು ಬಿಟ್ಟು ಒಣಗಿದ್ದವು, ಕುಲಸುಮಬಿಯ ಗದ್ದೆಯೂ. ತೂಬು ತೆರೆಯಲು ಯಾರೂ ಇಳಿಯಲು ಒಪ್ಪಿರಲಿಲ್ಲ.

ಸಂಘದವರು ಹೊಳಬಸಪ್ಪನ ಕಟ್ಟೆಯ ಮೇಲೆ ಸೇರಿದರು, ಒಂಬತ್ತು ಜನ. ಗೌಸ ಹೇಳಬೇಕಾದದ್ದನ್ನು ಎರಡನೆಯ ಸಲ ಹೇಳಿದ. ಮುಗಿದ ಮೇಲೆ ಒಬ್ಬ ಬೀಡಿ ಹಚ್ಚಿದ, ಇನ್ನೊಬ್ಬ ಚಪ್ಪಲಿಯ ಮಣ್ಣು ಕೆರೆದ. ಹೊಳಬಸಪ್ಪ ಗಂಟಲು ಸರಿಮಾಡಿಕೊಂಡ.

"ಬಿಡ್ರಿ ಮಾಮಾ. ಊರ ಅಳಿಯಾರ ನೀವು. ನಿಮ್ಮ ಹೆಸರು ಬರೀಲಿಕ್ಕೆ ಯಾರಿಗಿ ಕೈ ಬರತೈತಿ? ಆ ಹುಡುಗಿ ಹೊರಗಿನಾಕಿ, ನಾಳೆ ಎಲ್ಲೋ ಹೋಗತಾಳ. ಆಗಿದ್ದು ಆತು."

ಎಲ್ಲರೂ ಹೌದು ಹೌದು ಎಂದರು. ಅವರ ದನಿಯಲ್ಲಿ ಪ್ರೀತಿ ಇತ್ತು. ಗೌಸ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತ. ಆ ಒಂದು ಗಳಿಗೆ ಹಾಗೇ ಎದ್ದು ಬಸ್ಸಿಗೆ ಹೋಗಬಹುದಿತ್ತು.

ಕಟ್ಟೆಯ ಕೆಳಗೆ, ಬೀದಿಯಲ್ಲಿ ಶಂಕ್ರವ್ವ ಬಂದು ನಿಂತಿದ್ದಳು. ಯಾವಾಗ ಬಂದಳೋ ಯಾರೂ ಕಂಡಿರಲಿಲ್ಲ.

"ಬರೀರಿ," ಎಂದಳು.

ಹೊಳಬಸಪ್ಪ ಗೌಸನ ಕಡೆ ನೋಡಿದ. ಗೌಸ ತಲೆಯಾಡಿಸಿದ. ಪುಸ್ತಕ ತರಿಸಿದರು. ಅಂಕಿತಾಳ ಹೆಸರಿನ ಮೇಲೆ ಗೆರೆ ಎಳೆದು, ಚಿತ್ರವನ್ನು ತಿರುವಿ ನೋಡಲು ಹೇಳಿದವನು ಸವಣೂರಿನ ಮಹಮ್ಮದಗೌಸ, ಆ ಮಾತು ನಂಬಿ ಮಾರೆಪ್ಪ ಬಲಗಡೆ ಹೋದ, ಎಂದು ಬರೆದರು. ಗೌಸ ಸಹಿ ಮಾಡಿದ. ಅವನ ಅಕ್ಷರ ಅಂಥ ಹೊತ್ತಿನಲ್ಲೂ ದುಂಡಗೇ ಬಿತ್ತು.

ಶಂಕ್ರವ್ವನಿಗೆ ಓದು ಬರುತ್ತಿರಲಿಲ್ಲ. ಬರೆದದ್ದನ್ನು ಓದಿ ಹೇಳಲು ಕೇಳಿದಳು. ಹೊಳಬಸಪ್ಪ ಕನ್ನಡಕ ಏರಿಸಿ ಓದಿದ. ಅವಳು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕೇಳಿಸಿಕೊಂಡಳು. ಮುಗಿದಾಗ, ಇನ್ನೊಮ್ಮೆ ಓದ್ರಿ ಎಂದಳು. ಅವನು ಇನ್ನೊಮ್ಮೆ ಓದಿದ. ಗಂಡನ ಹೆಸರು ಬಂದಾಗ ಅವಳ ತುಟಿ ಆ ಹೆಸರಿನೊಂದಿಗೆ ಸ್ವಲ್ಪ ಅಲುಗಿತು. ಆಮೇಲೆ ಅವಳು ತಿರುಗಿ ಮನೆಯ ಕಡೆ ನಡೆದಳು. ಅವಳು ಓಣಿಯ ತಿರುವು ದಾಟುವ ತನಕ ಕಟ್ಟೆಯ ಮೇಲೆ ಯಾರೂ ಏಳಲಿಲ್ಲ, ಗೌಸನನ್ನು ಯಾರೂ ಮಾಮಾ ಎಂದು ಕರೆಯಲಿಲ್ಲ.